ನಾಲ್ಕು ಜನ

ಹಿಂದಿನ ಕಾಲದ ಪದವಿಗಳಿಗೆ ಒಂದು ಸೌಜನ್ಯವಿತ್ತು. ಬಿ.ಎ., ಬಿ.ಇ., ಎಂ.ಬಿ.ಬಿ.ಎಸ್. ಎಂದು ನಾಲ್ಕಾರು ಅಕ್ಷರಗಳಲ್ಲಿ ಮುಗಿದುಹೋಗುತ್ತಿದ್ದವು. ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕದಲ್ಲಿ ಮೈ ಮುದುರಿಕೊಂಡು ಕೂರುತ್ತಿದ್ದವು. ಓದಿದವರು ಏನು ಓದಿದ್ದಾರೆಂಬುದು ಕೇಳಿದವರಿಗೂ ತಿಳಿಯುತ್ತಿತ್ತು, ಹೇಳಿದವರಿಗೂ ತಿಳಿಯುತ್ತಿತ್ತು. ಈಗ ವಿದ್ಯೆಯ ಮರ ಕವಲೊಡೆದಿದೆ. ಒಂದೊಂದು ಕವಲಿಗೂ ಗೂಡ್ಸ್ ರೈಲಿನಷ್ಟು ಉದ್ದದ ಹೆಸರು. ನನ್ನ ಅಕ್ಕನ ಮಗಳು ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷ ಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಮೇಲೆ, ಮುಂದೇನು ಓದುತ್ತೀಯೆ ಎಂದು ಬಂಧುಬಳಗ ಕೇಳಿದಾಗ ಅಂಥದೇ ಒಂದು ಹೆಸರನ್ನು ಹೇಳಿದಳು. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ. ಅದರಲ್ಲಿಯೂ ಸಮುದಾಯ ಮತ್ತು ವರ್ತನೆಯ ಅಧ್ಯಯನ.

“ವರ್ತನೆಯೇ?” ಎಂದರು ನಮ್ಮಕ್ಕ. ಹಳೆಯ ಮೈಸೂರಿನ ಮನೆಗಳಲ್ಲಿ ಬೆಳೆದವರಿಗೆ ವರ್ತನೆ ಎಂದರೆ ಹಾಲು. ದಿನವೂ ಅದೇ ಹೊತ್ತಿಗೆ ಅದೇ ಅಳತೆಯಲ್ಲಿ ತಂದು ಹಾಕಿ, ತಿಂಗಳ ಕೊನೆಗೆ ಲೆಕ್ಕ ತೀರಿಸಿಕೊಳ್ಳುವ ಏರ್ಪಾಡು. “ಡಾಕ್ಟರಾದವಳು ಹಾಲಿನ ವರ್ತನೆ ಓದುವುದಕ್ಕೆ ತಿರುವನಂತಪುರಕ್ಕೆ ಹೋಗಬೇಕೇನೋ?” ಎಂದು ನನ್ನನ್ನು ಕೇಳಿದರು. ತಮಾಷೆಯ ಮಾತೇ ಆದರೂ ಒಳಗೆ ಸಂಕಟವಿತ್ತು. ಮಗಳ ಕೊರಳಿನಲ್ಲಿ ಸ್ಟೆತಾಸ್ಕೋಪು ನೋಡಬೇಕೆಂದು ಆರು ವರ್ಷ ಕಾದ ತಾಯಿಗೆ, ಸ್ಟೆತಾಸ್ಕೋಪನ್ನು ಕೆಳಗಿಡಿಸುವ ವಿದ್ಯೆ ಹೇಗೆ ರುಚಿಸೀತು?

ಆದರೆ ಅಕ್ಕನ ಅರ್ಥ ಅಷ್ಟೇನೂ ದೂರದ್ದಲ್ಲವೆಂದು ಆಮೇಲೆ ನನಗೆ ತೋರಿತು. ಮನುಷ್ಯನ ನಡವಳಿಕೆಯೂ ಬಹುಮಟ್ಟಿಗೆ ವರ್ತನೆಯ ಹಾಲೇ. ದಿನವೂ ತಾನಾಗಿ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಬರುವ ತನಕ ಯಾರೂ ಯೋಚಿಸುವುದಿಲ್ಲ. ತಪ್ಪಿದ ದಿನ ಮಾತ್ರ ಮನೆಯೆಲ್ಲ ಕೂಗಾಡುತ್ತದೆ.

ಅವಳು ಸೇರಿದ್ದು ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರವನ್ನು. ೧೯೯೭ರಿಂದ ಅಲ್ಲಿ ಈ ಪದವಿಯ ಪಾಠ ನಡೆದಿದೆ. ರೋಗ ಊರಿನಲ್ಲಿ ಹೇಗೆ ಹರಡುತ್ತದೆಂಬ ಲೆಕ್ಕ, ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಸರ್ಕಾರದ ನೀತಿನಿಯಮ, ಎಲ್ಲದರ ಕೊನೆಗೆ ಸ್ವಂತವಾಗಿ ಹಳ್ಳಿಯಲ್ಲೋ ಪೇಟೆಯಲ್ಲೋ ತಿರುಗಿ ಬರೆಯಬೇಕಾದ ಒಂದು ಪ್ರಬಂಧ. ಆ ಪ್ರಬಂಧಕ್ಕೆ ಅವಳು ಕ್ಷಯರೋಗವನ್ನು ಆರಿಸಿಕೊಂಡು, ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಬಂದಳು. ನಾನು ಪಾಠ ಹೇಳುವ ಕಾಲೇಜು ತುಮಕೂರಿನಲ್ಲಿರುವುದರಿಂದ ಬಿಡಾರ ನಮ್ಮ ಮನೆಯಲ್ಲೇ ಆಯಿತು. ಹೀಗೆ ನನಗೂ ಆ ವಿದ್ಯೆಯ ಗಾಳಿ ಸೋಕಿತು.

ಈ ದಾರಿಯನ್ನು ಏಕೆ ಹಿಡಿದಳೆಂಬುದನ್ನು ಒಂದು ರಾತ್ರಿ ಊಟವಾದ ಮೇಲೆ ಹೇಳಿದಳು. ಹಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಹೆಂಗಸು ಬಂದಿದ್ದಳಂತೆ. ಹೆಚ್ಚುಕಡಿಮೆ ಇವಳದೇ ವಯಸ್ಸು. ಕ್ಷಯವೆಂದು ಗೊತ್ತಾಯಿತು. ಆರು ತಿಂಗಳು ಬಿಡದೆ ನುಂಗಬೇಕಾದ ಗುಳಿಗೆಯನ್ನು ಸರ್ಕಾರವೇ ಬಿಟ್ಟಿ ಕೊಡುತ್ತದೆ. ಆಕೆ ಅದನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟು ನುಂಗುತ್ತಿದ್ದಳು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಅದೇ ಹೊತ್ತಿಗೆ ನಾದಿನಿಯ ಮದುವೆ ಬಂತು. ಮನೆತುಂಬ ನೆಂಟರು, ಡಬ್ಬದ ಸುತ್ತ ಹತ್ತು ಕೈ. ಗುಳಿಗೆಯೂ ನಿಂತಿತು. ಮತ್ತೆ ಆಸ್ಪತ್ರೆಗೆ ಬರುವ ವೇಳೆಗೆ ಆ ಗುಳಿಗೆಗಳು ನಾಟದಂಥ ಕ್ಷಯವಾಗಿತ್ತು.

“ಆಕೆ ಉಳಿಯಲಿಲ್ಲ ಮಾವ,” ಎಂದಳು. “ಆ ರೋಗದ ವಿಷಯ ನನಗೆಲ್ಲ ಗೊತ್ತಿತ್ತು. ಅಕ್ಕಿಯ ಡಬ್ಬದ ವಿಷಯ ಗೊತ್ತಿರಲಿಲ್ಲ. ಅದನ್ನು ಹೇಳಿಕೊಡುವವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋದೆ.”

ಅಕ್ಕಿಯ ಡಬ್ಬದ ವಿಷಯ! ಇದಕ್ಕಿಂತ ಚೆನ್ನಾದ ವ್ಯಾಖ್ಯೆ ಆ ವಿದ್ಯೆಗೆ ಅದರ ಪಠ್ಯಪುಸ್ತಕಗಳಲ್ಲಿ ಸಿಕ್ಕೀತೆಂದು ನನಗನ್ನಿಸುವುದಿಲ್ಲ. ಆದರೂ ಅವಳ ಪುಸ್ತಕಗಳನ್ನು ತಿರುವಿಹಾಕಿದೆ. ಕ್ಷಯರೋಗವೇ ಈ ವಿದ್ಯೆಯ ಹಳೆಯ ಗುರುವೆಂಬ ಸಂಗತಿ ಅಲ್ಲಿ ತಿಳಿಯಿತು. ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ಎದೆಯ ಎಕ್ಸ್‌ರೇ ತೆಗೆಯುವ ಮೋಟಾರು ವಾಹನಗಳು ಜನರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದವು. ಕಾಸು ಕೊಡಬೇಕಾಗಿರಲಿಲ್ಲ, ಆದರೂ ಅನೇಕರು ಬರುತ್ತಿರಲಿಲ್ಲ. ಗಾಡ್‌ಫ್ರೆ ಹೋಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞ ಮೂರು ನಗರಗಳಲ್ಲಿ ಜನರನ್ನೇ ಕೇಳಿ ನೋಡಿ, ೧೯೫೮ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ‘ನನಗೂ ಬಂದೀತು, ಮೊದಲೇ ಗೊತ್ತಾದರೆ ವಾಸಿಯಾದೀತು’ ಎಂಬ ಎರಡು ನಂಬಿಕೆಯೂ ಇದ್ದವರಲ್ಲಿ ನೂರಕ್ಕೆ ೮೨ ಮಂದಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ೨೧ ಮಂದಿ ಮಾತ್ರ. ಇಂದಿಗೂ ಈ ವಿಷಯದ ವಿದ್ಯಾರ್ಥಿಗಳೆಲ್ಲ ಓದುವ ಒಂದು ಸಿದ್ಧಾಂತ ಇದರಿಂದ ಬೆಳೆಯಿತು. ಕನ್ನಡ ಮೇಷ್ಟರಾದ ನನಗೆ ಹೊಳೆದದ್ದಿಷ್ಟು: ಸಿದ್ಧಾಂತವೆಲ್ಲ ನಮ್ಮ ಸಂಭಾವನಾರ್ಥಕ ಕ್ರಿಯಾಪದದೊಳಗೆ ಅಡಗಿ ಕೂತಿದೆ. ‘ಬರುತ್ತದೆ’ ಎಂದರೆ ಮನುಷ್ಯ ಹೆದರಿ ಕೈಚೆಲ್ಲುತ್ತಾನೆ. ‘ಬರುವುದಿಲ್ಲ’ ಎಂದರೆ ಕಾಲು ಚಾಚಿ ಮಲಗುತ್ತಾನೆ. ‘ಬಂದೀತು’ ಎಂದರೆ ಮಾತ್ರ ಎದ್ದು ಚಪ್ಪಲಿ ಮೆಟ್ಟುತ್ತಾನೆ.

ಅದೇ ದಶಕದ ಕೊನೆಗೆ ನಮ್ಮ ಕಡೆ ಇನ್ನೊಂದು ದೊಡ್ಡ ಸಂಗತಿ ನಡೆಯಿತು. ಕ್ಷಯರೋಗಿ ಸ್ಯಾನಟೋರಿಯಂ ಸೇರಲೇಬೇಕಾಗಿಲ್ಲ, ಮನೆಯಲ್ಲಿದ್ದುಕೊಂಡು ಔಷಧಿ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂಬುದನ್ನು ಮದರಾಸಿನ ಸಂಶೋಧಕರು ೧೯೫೯ರಲ್ಲಿ ತೋರಿಸಿಕೊಟ್ಟರು. ಲಕ್ಷಾಂತರ ಬಡವರಿಗೆ ಇದು ವರವಾಯಿತು, ನಿಜ. ಆದರೆ ಗುಳಿಗೆ ಆಸ್ಪತ್ರೆಯನ್ನು ಬಿಟ್ಟು ಮನೆಯೊಳಗೆ ಕಾಲಿಟ್ಟ ಮೇಲೆ, ಅದು ಅತ್ತೆಯನ್ನು, ನಾದಿನಿಯನ್ನು, ಅಕ್ಕಿಯ ಡಬ್ಬವನ್ನು ಎದುರಿಸಲೇಬೇಕಾಯಿತು.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದೂ ೧೯೫೯ರಲ್ಲೇ. ಆ ಸಂಸ್ಥೆಯಲ್ಲಿದ್ದ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಇದೇ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಲಕ್ಷಣವಿದ್ದವರನ್ನು ಮಾತನಾಡಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಮೊದಲು ತಿಳಿವಳಿಕೆ ಕೊಡಬೇಕು ಎಂದು ಪೇಟೆಯ ವಿದ್ಯಾವಂತರು ನಂಬಿದ್ದ ಕಾಲ ಅದು. ೧೯೬೩ರಲ್ಲಿ ಪ್ರಕಟವಾದ ಅವರ ಲೇಖನ ಆ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ನೂರಕ್ಕೆ ೯೫ರಷ್ಟು ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಸುಮಾರು ಮುಕ್ಕಾಲು ಪಾಲು ಜನಕ್ಕೆ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಅಮೆರಿಕದಲ್ಲಿ ವಿದ್ಯೆ ಜನರ ಬಾಗಿಲು ತಟ್ಟಿತು, ಜನ ತೆರೆಯಲಿಲ್ಲ. ನಮ್ಮಲ್ಲಿ ಜನವೇ ಬಂದು ಬಾಗಿಲು ತಟ್ಟಿದರು, ವಿದ್ಯೆ ಸೀಸೆ ಕೊಟ್ಟು ಕಳುಹಿಸಿತು. ಕೆಮ್ಮೆಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಪರೀಕ್ಷಿಸಬೇಕೆಂಬ ಕ್ರಮ ನಮ್ಮ ದೇಶದ ಕ್ಷಯ ನಿಯಂತ್ರಣಕ್ಕೆ ಬುನಾದಿಯಾದದ್ದು ಇಂಥ ಅರಿವಿನಿಂದ. ತುಮಕೂರಿನವರು ಕಲ್ಪತರು ನಾಡೆಂದು ಹೆಮ್ಮೆಪಡುವುದರ ಜೊತೆಗೆ ಇದಕ್ಕೂ ಅಷ್ಟಿಷ್ಟು ಹೆಮ್ಮೆಪಡಬಹುದು.

ಇನ್ನು ನನ್ನ ಪಾಲಿನ ಕೆಲಸಕ್ಕೆ ಬರುತ್ತೇನೆ. ಸೊಸೆ ತನ್ನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ನನ್ನ ಮುಂದಿಟ್ಟಳು. ‘ಸದರಿ ರೋಗದ ಗ್ರಹೀತ ತೀವ್ರತೆ’ ಎಂದಿತ್ತು. ಸದ್ಯ, ರೋಗಿಯನ್ನು ಕೊಲ್ಲುವುದಕ್ಕೆ ಈ ಸಮಾಸವೊಂದೇ ಸಾಕು ಎಂದೆ. ಮುಂದೆ ಉತ್ತರಗಳ ಐದು ಮೆಟ್ಟಿಲು: ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ. ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ಪಂಡಿತ ೧೯೩೨ರಲ್ಲಿ ಕಟ್ಟಿದ ಮೆಟ್ಟಿಲಿದು. ನಡುವಣ ಮೆಟ್ಟಿಲಿನಲ್ಲಿ ನಿಲ್ಲಬಲ್ಲವರು ಸ್ಯಾದ್ವಾದ ಓದಿದ ಜೈನ ಪಂಡಿತರು ಮಾತ್ರ. ‘ಬಲವಾಗಿ ಒಪ್ಪುತ್ತೇನೆ’ ಎಂದು ಯಾವ ಕನ್ನಡಿಗನಾದರೂ ಎಲ್ಲಾದರೂ ಹೇಳಿದ್ದುಂಟೇ? ಪರೀಕ್ಷೆಗೆಂದು ಹಳ್ಳಿಯ ಒಬ್ಬ ಅಜ್ಜಿಯ ಮುಂದೆ ಓದಿದಾಗ ಆಕೆ, “ಓದ್ದೋಳು ನೀನು ಹೇಳ್ತಾ ಇದೀಯ, ಒಪ್ದೆ ಇರಕ್ಕಾಯ್ತದೇನವ್ವ?” ಎಂದು ಐದನ್ನೂ ಒಂದೇ ಸಲ ಹತ್ತಿಬಿಟ್ಟಳಂತೆ. ಕೊನೆಗೆ ‘ಪೂರಾ, ಮುಕ್ಕಾಲು, ಅರ್ಧ, ಕಾಲು, ಏನೂ ಇಲ್ಲ’ ಎಂದು ಮಾಡಿ, ತೋರಿಸುವುದಕ್ಕೆ ಐದು ಲೋಟಗಳ ಚಿತ್ರ ಬರೆದೆವು. ಲೋಟದ ಲೆಕ್ಕ ಎಲ್ಲರಿಗೂ ಬರುತ್ತದೆ.

ಹೆಚ್ಚು ಕಾಡಿದ್ದು ಇನ್ನೊಂದು ಪದ. ರೋಗವಿದೆಯೆಂದು ಹೇಳಿಕೊಳ್ಳಲಾಗದ ನಾಚಿಕೆಗೆ ಅವಳು ‘ಸಾಮಾಜಿಕ ಕಳಂಕ’ ಎಂದು ಬರೆದಿದ್ದಳು. ಈ ವಿದ್ಯೆಯಲ್ಲಿ ಒಬ್ಬರು ಅನುವಾದಿಸಿದ್ದನ್ನು ಮತ್ತೊಬ್ಬರು ಮೂಲ ನೋಡದೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವ ಒಳ್ಳೆಯ ಪದ್ಧತಿಯಿದೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟರಿಗೆ ಕೊಟ್ಟರೆ, ಅವರ ಕೈಯಲ್ಲಿ ಕಳಂಕ ನೆಟ್ಟಗೆ ಚಂದ್ರನ ಮೇಲೆ ಹೋಗಿ ಕೂತಿತು. ಹಳ್ಳಿಯವರು ಇದಕ್ಕೆ ಏನನ್ನುತ್ತಾರೆಂದು ಕಿವಿಗೊಟ್ಟು ಕೇಳುತ್ತ ಬಾ ಎಂದೆ. ವಾರದ ಮೇಲೆ ಬಂದು ಹೇಳಿದಳು: “ಎಲ್ಲರೂ ಹೇಳುವುದು ಒಂದೇ ಮಾತು ಮಾವ. ನಾಲ್ಕು ಜನ ಏನಂದಾರು?”

ನೋಡಿ, ಹುಡುಕುತ್ತಿದ್ದ ಪದ ನಾಲಗೆಯ ತುದಿಯಲ್ಲೇ ಇತ್ತು. ಕಳಂಕಕ್ಕೆ ಮಾತ್ರವಲ್ಲ, ಸಮುದಾಯಕ್ಕೂ ನಮ್ಮ ಜನ ಇಟ್ಟ ಹೆಸರು ಇದೇ. ನಾಲ್ಕು ಜನರ ಮುಂದೆ ಮಾನ ಹೋಗಬಾರದು. ನಾಲ್ಕು ಜನ ಒಪ್ಪುವಂತೆ ಬಾಳಬೇಕು. ಕೊನೆಗೆ ಹೊರುವುದಕ್ಕೂ ನಾಲ್ಕು ಜನ ಬೇಕು. ಯಾರ ನಾಲಗೆಗೆ ಹೆದರುತ್ತೇವೆಯೋ ಅವರ ಹೆಗಲನ್ನೇ ನಂಬಿರುತ್ತೇವೆ. ಕೋವಿಡ್ ಬಂದ ೨೦೨೦ರಲ್ಲಿ, ಅದರ ಮರುವರ್ಷದಲ್ಲಿ, ಆ ಹೆಗಲುಗಳೂ ಸಿಕ್ಕದೆ ಹೋದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ನಮ್ಮ ಮನೆಯಲ್ಲೇ ಇದರ ಕಥೆಯೊಂದಿದೆ. ತಾತನ ತಮ್ಮನೊಬ್ಬರಿಗೆ ಕ್ಷಯವಿತ್ತು. ಅವರ ಚೊಂಬು ಹಿತ್ತಿಲ ಪಡಸಾಲೆಯ ಮೊಳೆಗೆ ಬೇರೆಯಾಗಿ ತೂಗುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದರು. ಬಂದವರಿಗೆಲ್ಲ ‘ಉಬ್ಬಸ’ ಎಂದು ಹೇಳುವ ಪಾಠವಾಗಿತ್ತು. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರ ಮದುವೆಗಳು ಸಾಂಗವಾಗಿ ನಡೆದವು. ಚಿಕ್ಕತಾತ ಉಬ್ಬಸದ ಕಷಾಯ ಕುಡಿಯುತ್ತಲೇ ತೀರಿಕೊಂಡರು. ಮನೆಯವರು ಕಟುಕರಾಗಿರಲಿಲ್ಲ. ಅಜ್ಜಿ ಅದನ್ನು ಹೇಳುವಾಗಲೆಲ್ಲ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಈ ಕಥೆಯನ್ನು ಹೇಳಿದಾಗ ಸೊಸೆ, “ಅಮ್ಮ ನನಗೆ ಇದನ್ನು ಹೇಳೇ ಇಲ್ಲವಲ್ಲ!” ಎಂದಳು. ಹೇಳಿರಲಾರರು. ಅಕ್ಕನೂ ಒಬ್ಬ ಹೆಣ್ಣುಮಗಳ ತಾಯಿ. ಅವರಿಗೂ ನಾಲ್ಕು ಜನರಿದ್ದಾರೆ.

ಈಗ ಸರ್ಕಾರ ಗುಳಿಗೆಯ ಜೊತೆಗೆ ದುಡ್ಡನ್ನೂ ಕೊಡುತ್ತದೆ. ೨೦೧೮ರಿಂದ ರೋಗಿಯ ಆಹಾರಕ್ಕೆಂದು ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದರು. ೨೦೨೪ರಲ್ಲಿ ಅದನ್ನು ೧,೦೦೦ಕ್ಕೆ ಏರಿಸಿದರು. ಒಳ್ಳೆಯದೇ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. ಗುಳಿಗೆಯನ್ನು ಕಂಡುಹಿಡಿದದ್ದಾಯಿತು, ಹಂಚಿದ್ದಾಯಿತು. ಅದು ಕೈಯಿಂದ ಬಾಯಿಗೆ ಹೋಗುವ ಆ ಒಂದು ಮೊಳ ದಾರಿಯಲ್ಲಿ ನಾಲ್ಕು ಜನ ನಿಂತಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಗೋಡೆಯ ಮೇಲೆ ನೀತಿವಾಕ್ಯ ಬರೆಸಿದರೂ ಅವರು ಕದಲುವುದಿಲ್ಲ. ಕೂತು ಕೇಳಬೇಕು. ಕೇಳುವುದಕ್ಕೂ ಎರಡು ವರ್ಷದ ಓದು ಬೇಕೇ ಎಂದು ಅಕ್ಕ ಅಂದಿದ್ದರು. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಲೇ ಬಂದಿರುವ ನನ್ನಂಥವನನ್ನು ಕೇಳಿದರೆ, ಎರಡು ವರ್ಷ ಕಡಮೆಯೆಂದೇ ತೋರುತ್ತದೆ.

ಮೊನ್ನೆ ಸೊಸೆ ಸಂಜೆ ತಡವಾಗಿ ಮನೆಗೆ ಬಂದಳು. ಆ ದಿನ ಮಾತನಾಡಿಸಿದ ಹೆಂಗಸಿನ ಹೆಸರನ್ನಾಗಲಿ ಊರನ್ನಾಗಲಿ ಹೇಳಲಿಲ್ಲ; ಹೇಳಕೂಡದೆಂಬುದು ಆ ವಿದ್ಯೆಯ ನಿಯಮ. ಆಕೆ ಲೋಟಗಳ ಚಿತ್ರ ನೋಡಿ ನೋಡಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಳಂತೆ. ಕೊನೆಗೆ, ನೀವೇನಾದರೂ ಕೇಳುವುದಿದೆಯೇ ಎಂದಾಗ ಬಾಗಿಲ ಕಡೆ ಒಮ್ಮೆ ನೋಡಿ, “ಗುಳಿಗೆ ಇಸ್ಕಳ್ಳಕ್ಕೆ ಯಾವ ಹೊತ್ತಿಗೆ ಬಂದ್ರೆ ಯಾರೂ ಇರಾಕಿಲ್ಲ?” ಎಂದಳಂತೆ. ಇದನ್ನು ತುಂಬಿಕೊಳ್ಳುವುದಕ್ಕೆ ಪ್ರಶ್ನಾವಳಿಯಲ್ಲಿ ಅಂಕಣವೇ ಇರಲಿಲ್ಲ. ರಾತ್ರಿ ಹನ್ನೊಂದರ ತನಕ ಕೂತು ಸೊಸೆ ಹಾಳೆಯನ್ನೆಲ್ಲ ಹೊಸದಾಗಿ ಬರೆದಳು. ‘ಗುಳಿಗೆ ತೆಗೆದುಕೊಂಡು ಹೋಗುವುದಕ್ಕೆ ನಿಮಗೆ ಯಾವ ಹೊತ್ತು, ಯಾವ ಜಾಗ ಅನುಕೂಲ?’ ಎಂಬುದು ಈಗ ಎಲ್ಲಕ್ಕಿಂತ ಮೊದಲನೆಯ ಪ್ರಶ್ನೆ. ಹಾಳೆಯನ್ನು ನನ್ನ ಮುಂದಿಟ್ಟು, “ಕನ್ನಡ ಸರಿಯಾಗಿದೆಯೇ ನೋಡಿ ಮಾವ,” ಎಂದಳು. ಕನ್ನಡಕ ಏರಿಸಿ ಎರಡು ಸಲ ಓದಿದೆ. ತಿದ್ದುವುದಕ್ಕೆ ಏನೂ ಇರಲಿಲ್ಲ.