ಅಜ್ಜಿಗೆ ಹಸಿವಾದ ಲೆಕ್ಕ

ಬ್ಯಾಂಕಿನ ಕೌಂಟರ್ ಹಿಂದೆ ಮೂವತ್ತೆರಡು ವರ್ಷ ಕೂತವನು ನಾನು. ನಿವೃತ್ತನಾಗಿ ಹನ್ನೊಂದು ವರ್ಷವಾದರೂ ಕಣ್ಣಿಗೆ ಅಂಕಿ ಬಿದ್ದರೆ ಕೂಡಿಸದೆ, ಗುಣಿಸದೆ ಇರಲಾರೆ. ಹಾಸನದ ಸಂತೆಯಲ್ಲಿ ಸೊಪ್ಪು ಮಾರುವಾಕೆ ಬೆರಳು ಮಡಿಸಿ ಲೆಕ್ಕ ಮುಗಿಸುವ ಮೊದಲೇ ಮೊತ್ತ ನನ್ನ ಬಾಯಿಗೆ ಬಂದಿರುತ್ತದೆ. ಈ ಚಟ ನನ್ನ ಜೊತೆ ವಿಮಾನ ಹತ್ತಿ ಅಮೆರಿಕಕ್ಕೂ ಬಂದಿತ್ತು. ಆದರೆ ಅದು ನನ್ನ ಹೆಂಡತಿಯ ತಟ್ಟೆಗೂ ಕೈ ಹಾಕಿದೆ ಎಂದು ಗೊತ್ತಾದದ್ದು 2024ರ ಏಪ್ರಿಲ್‌ನಲ್ಲಿ, ಡಿಸ್ನಿ ವರ್ಲ್ಡ್‌ಗೆ ಹೊರಡುವ ಮುಂಚೆ.

ಮಗನ ಸಂಸಾರ ಇರುವುದು ಅಟ್ಲಾಂಟಾ ಹತ್ತಿರ. ಮೊಮ್ಮಗಳು ಪುಟ್ಟಿಯ ಶಾಲೆಗೆ ಒಂದು ವಾರ ರಜೆ ಇತ್ತು. ಕಾರಿನಲ್ಲಿ ಏಳೆಂಟು ಗಂಟೆ ಹೋದರೆ ಫ್ಲಾರಿಡಾದ ಒರ್ಲಾಂಡೊ. ಅದರ ಹತ್ತಿರವೇ ಇರುವುದು ಡಿಸ್ನಿ ವರ್ಲ್ಡ್. 1971ರ ಅಕ್ಟೋಬರ್ 1ರಂದು ತೆರೆದ ಈ ಜಾಗವನ್ನು ನಾನು ನಮ್ಮ ವಸ್ತುಪ್ರದರ್ಶನದ ಮೈದಾನದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಸುಮಾರು ನೂರು ಚದರ ಕಿಲೊಮೀಟರ್ ಜಾಗ, ನಾಲ್ಕು ದೊಡ್ಡ ಪಾರ್ಕುಗಳು, ಸಾಲು ಸಾಲು ಹೋಟೆಲುಗಳು. ನಾವು ಐದು ಜನ, ನಾಲ್ಕು ರಾತ್ರಿ ಅಲ್ಲಿಯೇ ಒಂದು ಹೋಟೆಲ್‌ನಲ್ಲಿ ಉಳಿಯುವುದು ಎಂದು ಗೊತ್ತಾಯಿತು.

ಒಂದು ಸಂಜೆ ಮಗ ಲ್ಯಾಪ್‌ಟಾಪ್ ತಿರುಗಿಸಿ, "ಅಪ್ಪ, ಊಟದ ಪ್ಲ್ಯಾನ್ ತಗೊಂಡುಬಿಡೋಣ ಅಂತಿದೀನಿ" ಅಂದ.

ಏನದು ಎಂದು ಓದುಗ ಮಕ್ಕಳಿಗೂ ಹೇಳಬೇಕು. ಡಿಸ್ನಿಯ ಹೋಟೆಲ್‌ಗಳಲ್ಲಿ ಉಳಿಯುವವರು ಊಟದ ಹಣವನ್ನು ಮುಂಗಡವಾಗಿಯೇ ಕಟ್ಟಬಹುದು. ಕೊರೊನಾ ಕಾಲದಲ್ಲಿ ನಿಂತಿದ್ದ ಈ ಯೋಜನೆ 2024ರ ಜನವರಿಯಲ್ಲಿ ಮತ್ತೆ ಶುರುವಾಗಿತ್ತು. ಅದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಒಬ್ಬರಿಗೆ ಒಂದು ರಾತ್ರಿಯ ಲೆಕ್ಕಕ್ಕೆ ಕೌಂಟರ್‌ನಲ್ಲಿ ತೆಗೆದುಕೊಳ್ಳುವ ಎರಡು ಊಟ, ಒಂದು ತಿಂಡಿ. ಎರಡನೆಯದರಲ್ಲಿ ಒಂದು ಕೌಂಟರ್ ಊಟ, ಮೇಜಿಗೆ ತಂದು ಬಡಿಸುವ ಒಂದು ಊಟ, ಒಂದು ತಿಂಡಿ. ಎರಡರಲ್ಲೂ ತಲೆಗೊಂದು ದೊಡ್ಡ ಮಗ್ ಕೊಡುತ್ತಾರೆ. ಹೋಟೆಲ್‌ನಲ್ಲಿ ಇರುವಷ್ಟು ದಿನ ಅದಕ್ಕೆ ಕಾಫಿ, ಟೀ, ತಂಪು ಪಾನೀಯ ತುಂಬಿಸಿಕೊಳ್ಳುತ್ತಿರಬಹುದು. ಆ ವರ್ಷದ ದರ ಮೊದಲನೆಯದಕ್ಕೆ ದೊಡ್ಡವರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83. ಎರಡನೆಯದಕ್ಕೆ 94.28 ಮತ್ತು 29.69.

ಪುಟ್ಟಿಗೆ ಜನವರಿಯಲ್ಲಷ್ಟೇ ಹತ್ತು ತುಂಬಿತ್ತು. ಹತ್ತು ತುಂಬಿದವರು ಆ ಪಟ್ಟಿಯಲ್ಲಿ ದೊಡ್ಡವರು. "ತಾತ, ನಾನೀಗ ಅಡಲ್ಟ್!" ಎಂದು ಅವಳು ಕುಣಿದಳು. ನನಗೆ ಮಾತ್ರ, ಮೂರು ತಿಂಗಳ ಹಿಂದೆ ಹೋಗಿದ್ದರೆ ದಿನಕ್ಕೆ ಮೂವತ್ತಮೂರು ಡಾಲರ್ ಉಳಿಯುತ್ತಿತ್ತಲ್ಲ ಅನ್ನಿಸಿತು.

ಒಂದು ಹಾಳೆ ತೆಗೆದುಕೊಂಡು ಕೂತೆ. ಐದು ಜನ, ನಾಲ್ಕು ರಾತ್ರಿ. ಕಡಿಮೆ ಬೆಲೆಯ ಯೋಜನೆಗೇ 1,140 ಡಾಲರ್ 20 ಸೆಂಟ್. ಆಗ ಡಾಲರಿಗೆ ಸುಮಾರು 83 ರೂಪಾಯಿ. ಅಂದರೆ 94,600 ರೂಪಾಯಿ! ದುಬಾರಿಯ ಯೋಜನೆಯಾದರೆ ಒಂದೂವರೆ ಲಕ್ಷ ದಾಟುತ್ತದೆ.

ಹಾಳೆಯ ಇನ್ನೊಂದು ಪಕ್ಕದಲ್ಲಿ ನಾವು ನಿಜವಾಗಿ ಏನು ತಿನ್ನುತ್ತೇವೆ ಎಂದು ಬರೆದೆ. ಅಲ್ಲಿನ ಊಟದ ಪಟ್ಟಿ, ಬೆಲೆ ಎಲ್ಲ ಮೊದಲೇ ಫೋನಿನಲ್ಲಿ ನೋಡಬಹುದು. ಕೌಂಟರ್‌ನ ಸಸ್ಯಾಹಾರಿ ಊಟ ಹದಿನಾಲ್ಕು ಡಾಲರ್ ಆಸುಪಾಸು, ಪಾನೀಯ ನಾಲ್ಕೂವರೆ, ಐಸ್‌ಕ್ರೀಮ್ ಆರು. ಎರಡು ಊಟ, ಎರಡು ಪಾನೀಯ, ಒಂದು ತಿಂಡಿ ಪೂರ್ತಿ ತಿಂದರೂ ತೆರಿಗೆ ಸೇರಿ ನಲವತ್ತಾರು, ನಲವತ್ತೇಳು. ಐವತ್ತೇಳು ಮುಟ್ಟಬೇಕಾದರೆ ಎರಡು ಹೊತ್ತೂ ಪಟ್ಟಿಯಲ್ಲಿ ಇರುವುದರಲ್ಲೇ ದುಬಾರಿ ಮಾಂಸದೂಟ, ಜೊತೆಗೆ ಬಿಯರ್‌ನಂಥದ್ದು ಬೇಕು. ನಮ್ಮಲ್ಲಿ ಅದೂ ಇಲ್ಲ, ಇದೂ ಇಲ್ಲ.

ಅದಲ್ಲದೆ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ಹಾಕಿದ ಕುಡಿಯುವ ನೀರು ಪುಕ್ಕಟೆ. ಮನೆಯ ತಿಂಡಿಯನ್ನು ಪಾರ್ಕಿನೊಳಗೆ ಒಯ್ಯಬಹುದು. ಗಾಜಿನ ಡಬ್ಬಿ ಕೂಡದು, ಬಿಸಿ ಮಾಡಬೇಕಾದ ಪದಾರ್ಥ ಕೂಡದು, ಅಷ್ಟೇ. ನಮ್ಮ ಕೋಣೆಯಲ್ಲಿ ಫ್ರಿಜ್, ಮೈಕ್ರೊವೇವ್ ಇತ್ತು. ಬೆಳಗಿನ ತಿಂಡಿಗೆ ಅವಲಕ್ಕಿ, ಉಪ್ಪಿಟ್ಟು ಅಲ್ಲೇ ಆಗುತ್ತದೆ ಎಂದು ಸೊಸೆ ಹೇಳಿದಳು. ಹಾಗಾದರೆ ತಲೆಗೆ ದಿನಕ್ಕೆ ಮೂವತ್ತು ಡಾಲರ್ ಸಾಕು. ಒಟ್ಟು 600. ಉಳಿತಾಯ 540 ಡಾಲರ್. ಕೆಳಗೆ ಎರಡು ಗೆರೆ ಎಳೆದೆ.

ಆ ಯೋಜನೆ ಎಲ್ಲರಿಗೂ ನಷ್ಟ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಐದು, ಎಂಟು ವರ್ಷದ ಮಕ್ಕಳಿದ್ದರೆ ಲೆಕ್ಕವೇ ಬೇರೆ. ಮಿಕ್ಕಿ ಮೌಸ್, ಗೂಫಿ ವೇಷದವರು ಮೇಜಿನ ಹತ್ತಿರ ಬಂದು ಮಾತಾಡಿಸುವ ಊಟಗಳಿವೆ, ಬಲು ದುಬಾರಿ. 2024ರಲ್ಲಿ ಮಗುವಿಗೆ 29.69 ಕಟ್ಟಿ ಅಂಥದೊಂದು ಊಟ ಮಾಡಿಸಿದ್ದರೆ ಆ ದಿನದ ದುಡ್ಡು ಅಲ್ಲಿಗೇ ಸರಿಹೋಗುತ್ತಿತ್ತು. ಆದರೆ ಆಗ ಒಂದು ಬುಕಿಂಗ್‌ನಲ್ಲಿರುವ ಮೂರು ವರ್ಷ ಮೇಲ್ಪಟ್ಟ ಎಲ್ಲರೂ ಕೊಳ್ಳಲೇಬೇಕಿತ್ತು, ಕಡಿಮೆ ತಿನ್ನುವವರನ್ನು ಬಿಡುವ ಹಾಗಿರಲಿಲ್ಲ. ಬಳಸದೆ ಉಳಿದ ಊಟ ಕೋಣೆ ಬಿಡುವ ದಿನ ನಡುರಾತ್ರಿಗೆ ರದ್ದು.

ಹಾಳೆಯನ್ನು ಮಗನ ಮುಂದಿಟ್ಟೆ. ಅವನು ಓದಿದ. "ಲೆಕ್ಕ ಸರಿಯಾಗಿದೆ ಅಪ್ಪ" ಅಂದ. ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ಆದ್ರೆ ನಾನು ಇದನ್ನ ಲಾಭಕ್ಕೆ ಅಂತ ತಗೋತಿರಲಿಲ್ಲ. ಅಮ್ಮ ಊಟ ಮಾಡ್ಲಿ ಅಂತ."

ನನಗೆ ಅರ್ಥವಾಗಲಿಲ್ಲ.

"ಹೋದ ಶನಿವಾರ ನೆನಪಿದೆಯಲ್ಲ?"

ನೆನಪಿತ್ತು. ಪೇಟೆಗೆ ಹೋಗಿದ್ದಾಗ ಮಧ್ಯಾಹ್ನ ಒಂದು ಹೋಟೆಲ್‌ಗೆ ಹೋಗಿದ್ದೆವು. ನನ್ನಾಕೆ ಪಟ್ಟಿ ಕೈಗೆತ್ತಿಕೊಂಡು, ಕೆಳಗಿಟ್ಟು, "ನನಗೆ ಹಸಿವಿಲ್ಲ ಕಣೋ, ನೀವು ತಿನ್ನಿ" ಅಂದಳು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದಳು. ಸಂಜೆ ಕಾರಿನಲ್ಲಿ ಬರುವಾಗ ಮೈಯೆಲ್ಲ ಬೆವರಿ ಕೈ ನಡುಗತೊಡಗಿತು. ಸೊಸೆ ಕಾರು ನಿಲ್ಲಿಸಿ ಕಿತ್ತಳೆ ರಸ ಕುಡಿಸಿದ ಮೇಲೆ ಸುಧಾರಿಸಿಕೊಂಡಳು. ಪ್ರಯಾಣದ ಸುಸ್ತು ಎಂದು ನಾನು ಮಾತು ಮುಗಿಸಿದ್ದೆ.

"ಸುಸ್ತಲ್ಲ ಅಪ್ಪ. ಅಮ್ಮ ನೋಡಿದ್ದು ತಿಂಡಿನಲ್ಲ, ಬೆಲೆನ. ನೀವು ಪಕ್ಕದಲ್ಲಿ ಕೂತು 'ಹದಿನಾರು ಅಂದ್ರೆ ಸಾವಿರದ ಮುನ್ನೂರು' ಅಂದ್ರಿ. ಅಲ್ಲಿಗೆ ಅಮ್ಮನ ಹಸಿವು ಹೋಯ್ತು."

ಅವನು ಒರಟಾಗಿ ಹೇಳಲಿಲ್ಲ. ಅದಕ್ಕೇ ಹೆಚ್ಚು ತಾಗಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇವನು ಆರೇಳು ವರ್ಷದವನಿದ್ದಾಗ ಮೈಸೂರಿಗೆ ದಸರಾ ವಸ್ತುಪ್ರದರ್ಶನ ನೋಡಲು ಹೋಗಿದ್ದು ನೆನಪಾಯಿತು. ಹೋಟೆಲ್‌ನಲ್ಲಿ ಕೂತು ನಾಲ್ಕು ಜನಕ್ಕೆ ಮೂರು ಮಸಾಲೆದೋಸೆ ಹೇಳಿದ್ದೆ. "ನನಗೆ ಬೇಡ, ಬರೋವಾಗ ಚೆನ್ನಾಗಿ ತಿಂದ್ಕೊಂಡೇ ಬಂದೆ" ಎಂದಿದ್ದಳು. ಒಂದೇ ಮನೆಯಿಂದ, ಒಂದೇ ತಿಂಡಿ ತಿಂದು ಬಂದ ನನಗೆ ಹಸಿವಾಗಿತ್ತು, ಅವಳಿಗೆ ಹೇಗೆ ಆಗಿರಲಿಲ್ಲ ಎಂದು ನಾನು ಅವತ್ತು ಕೇಳಲಿಲ್ಲ. ಅದನ್ನು ಮಿತವ್ಯಯ ಅಂದುಕೊಂಡಿದ್ದೆ. ತಿಂಗಳ ಕೊನೆಯಲ್ಲಿ ಪುಸ್ತಕ ತೆಗೆದು ಪೈಸೆ ಪೈಸೆಗೂ ಲೆಕ್ಕ ಕೇಳುತ್ತಿದ್ದವನು ನಾನೇ ಅಲ್ಲವೆ?

ಬೆಳಿಗ್ಗೆ ಎದ್ದು ಮಗನಿಗೆ, "ನಡಿಯಪ್ಪ, ಪ್ಲ್ಯಾನ್ ತಗೊಂಡುಬಿಡು" ಅಂದೆ. ಆಗ ಹಾಲು ಕುಡಿಯುತ್ತಿದ್ದ ಪುಟ್ಟಿ ಬಾಯಿ ಹಾಕಿದಳು. ರಾತ್ರಿಯ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ತಾತ, ಪ್ಲ್ಯಾನ್ ತಗೊಂಡ್ರೆ ಅಜ್ಜಿ ಯಾಕೆ ತಿಂತಾರೆ?"

"ದುಡ್ಡು ಆಗಲೇ ಕೊಟ್ಟಾಗಿರುತ್ತಲ್ಲ, ಅದಕ್ಕೆ."

"ಹಾಗಾದ್ರೆ ನಾವೇ ಆಗಲೇ ಕೊಟ್ಟುಬಿಡೋಣ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಹೊಳೆಯದ್ದು ಹತ್ತು ವರ್ಷದ ಹುಡುಗಿಗೆ ಹೊಳೆದಿತ್ತು.

ಅವಳ ಯೋಜನೆ ಹೀಗೆ: ಡಿಸ್ನಿಯದೇ ಗಿಫ್ಟ್ ಕಾರ್ಡ್ ಸಿಗುತ್ತದೆ, ಅಲ್ಲಿಯ ಊಟಕ್ಕೂ ನಡೆಯುತ್ತದೆ. ಅದಕ್ಕೆ ಹೊರಡುವ ಮೊದಲೇ ದುಡ್ಡು ತುಂಬುವುದು. ನನ್ನ ಲೆಕ್ಕದ 600, ಅಜ್ಜಿಯ ಹಸಿವಿಗೆ ಇನ್ನೂ 100, ಒಟ್ಟು 700. ಕಾರ್ಡು ಖಜಾಂಚಿ ಪುಟ್ಟಿಯ ಕೈಯಲ್ಲಿ. ಊಟದ ಪಟ್ಟಿಯನ್ನು ಅವಳೇ ಓದಿ ಹೇಳುತ್ತಾಳೆ, ತಿಂಡಿಯ ಹೆಸರು ಮಾತ್ರ, ಬೆಲೆ ಇಲ್ಲ.

"ಉಳಿದ್ರೆ ನಿನಗೆ ಇರಲಿ" ಅಂದ ಮಗ.

"ಬೇಡ. ಆಗ ಅಜ್ಜಿ ನನಗೋಸ್ಕರ ಉಳಿಸ್ತಾರೆ." ಸ್ವಲ್ಪ ಯೋಚಿಸಿ, "ಉಳಿದಿದ್ದು ತಾತಂಗೆ!" ಅಂದಳು.

ಅಡುಗೆಮನೆಯಿಂದ ನಗು ಕೇಳಿಸಿತು. ಎಲ್ಲವನ್ನೂ ಅವಳು ಅಲ್ಲಿಂದಲೇ ಕೇಳುತ್ತಿದ್ದಳು.

ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಿಸಿಲು ಏರಿತ್ತು. ಊಟದ ಕೌಂಟರ್ ಮುಂದೆ ನಿಂತಾಗ ನನ್ನಾಕೆ ಅಭ್ಯಾಸಬಲದಿಂದ "ನನಗೆ..." ಎಂದು ಶುರುಮಾಡಿದಳು. ಪುಟ್ಟಿ ಕಾರ್ಡ್ ಎತ್ತಿ ತೋರಿಸಿದಳು. "ಅಜ್ಜಿ, ದುಡ್ಡು ಆಗಲೇ ಖರ್ಚಾಗಿದೆ. ಉಳಿದ್ರೆ ತಾತಂಗೆ ಹೋಗತ್ತೆ."

ನನ್ನಾಕೆ ನನ್ನನ್ನೊಮ್ಮೆ ನೋಡಿದಳು. "ಏನೇನಿದೆ ಓದಮ್ಮ" ಅಂದಳು.

ನನಗೇ ಕಷ್ಟವಾದದ್ದು. ಕಣ್ಣು ತಾನಾಗಿ ಬೆಲೆಯ ಹಲಗೆಗೆ ಹೋಗುತ್ತಿತ್ತು, ತುಟಿ ಎಂಬತ್ತಮೂರರ ಮಗ್ಗಿ ಹೇಳತೊಡಗುತ್ತಿತ್ತು. ಕೊನೆಗೆ ಕನ್ನಡಕ ತೆಗೆದು ಜೇಬಿಗಿಟ್ಟೆ. ನಾಲ್ಕು ದಿನವೂ ಕೌಂಟರ್ ಹತ್ತಿರ ಬಂದಾಗಲೆಲ್ಲ ಅದನ್ನೇ ಮಾಡಿದೆ. ಮಿಕ್ಕಿಯ ಮುಖದ ಆಕಾರದ ಐಸ್‌ಕ್ರೀಮ್ ಕೊಂಡಾಗ ನನ್ನಾಕೆ ಸಕ್ಕರೆ ಕಾಯಿಲೆಗೆ ಮರ್ಯಾದೆ ಕೊಟ್ಟು ಒಂದು ಕಿವಿ ಮಾತ್ರ ತಿಂದಳು. ಇನ್ನೊಂದು ಕಿವಿ ನನಗೆ, ಮುಖ ಪುಟ್ಟಿಗೆ.

ಮೂರನೆಯ ದಿನ ಅನಿಮಲ್ ಕಿಂಗ್‌ಡಮ್ ನೋಡಿದೆವು. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಡಿಸ್ನಿಯದೇ ಒಂದು ಹೋಟೆಲ್, ಅದರೊಳಗೆ 'ಸನಾ' ಎಂಬ ಊಟದ ಮನೆ. ಆಫ್ರಿಕದ ಅಡುಗೆಗೆ ನಮ್ಮ ದೇಶದ ಮಸಾಲೆ ಸೇರಿಸಿ ಮಾಡುತ್ತಾರೆ. ಸೊಸೆ ಮೊದಲೇ ಜಾಗ ಕಾದಿರಿಸಿದ್ದಳು. ದೊಡ್ಡ ಗಾಜಿನ ಕಿಟಕಿ, ಆಚೆ ಹುಲ್ಲುಗಾವಲು. ಅಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿದ್ದವು. ನಾವು ಹೇಳಿದ್ದು ಐದು ಬಗೆಯ ರೊಟ್ಟಿ, ಒಂಬತ್ತು ಬಗೆಯ ಚಟ್ನಿ, ರಾಯತ ಇರುವ ತಟ್ಟೆ. ಅದು ಊಟಕ್ಕೆ ಮುಂಚೆ ತಿನ್ನುವ ತಿಂಡಿಗಳ ಪಟ್ಟಿಯಲ್ಲಿತ್ತು. ಪ್ಲ್ಯಾನ್‌ನಲ್ಲಿ ಬರುವುದು ಮುಖ್ಯ ಊಟ, ಪಾನೀಯ, ಸಿಹಿ. ಪ್ಲ್ಯಾನ್ ಕೊಂಡಿದ್ದರೂ ನಮಗೆ ಬೇಕಾದ ಇದಕ್ಕೆ ಬೇರೆ ದುಡ್ಡು ಕೊಡಬೇಕಾಗುತ್ತಿತ್ತು ಎಂದು ಖಜಾಂಚಿ ಹೆಮ್ಮೆಯಿಂದ ವರದಿ ಒಪ್ಪಿಸಿದಳು.

ನನ್ನಾಕೆ ನಾನ್ ಮುರಿದು ಕೊತ್ತಂಬರಿ ಚಟ್ನಿಗೆ ಅದ್ದಿದಳು. "ಇನ್ನೆರಡು ಹಸಿಮೆಣಸಿನಕಾಯಿ ಬಿದ್ದಿದ್ರೆ ಚೆನ್ನಾಗಿತ್ತು" ಅಂದಳು. ಕಿಟಕಿಯ ಆಚೆ ಜಿರಾಫೆ ಮರದ ಎಲೆ ಕೀಳುವುದನ್ನು ನೋಡುತ್ತ ತಿಂದಳು. ಆಮೇಲೆ ಮಗನ ಕಡೆ ತಟ್ಟೆ ಚಾಚಿ, "ಇನ್ನೊಂದು ಚೂರು ಹಾಕೋ" ಅಂದಳು.

ಹೋಟೆಲ್‌ನಲ್ಲಿ ಕೂತು ಅವಳು ಇನ್ನೊಂದು ಚೂರು ಕೇಳಿದ್ದನ್ನು ನಾನು ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದೆ. ಮಗ ನನ್ನ ಮುಖ ನೋಡಲಿಲ್ಲ. ಎರಡು ಚೂರು ಹಾಕಿದ.

ಈಗ ನಮ್ಮ ಬೆಂಗಳೂರು, ಮೈಸೂರು ಕಡೆಯ ರೆಸಾರ್ಟುಗಳಲ್ಲೂ "ಊಟ, ತಿಂಡಿ ಸೇರಿ" ಎಂಬ ಪ್ಯಾಕೇಜುಗಳಿವೆ. ಪರಿಚಯದವರು ಕೇಳಿದರೆ ನಾನು ನಾಲ್ಕು ಪ್ರಶ್ನೆ ಹೇಳುತ್ತೇನೆ. ಮನೆಯ ಎಲ್ಲರೂ ಕೊಳ್ಳಲೇಬೇಕೆ? ಎಷ್ಟು ವಯಸ್ಸಿಗೆ ಮಕ್ಕಳ ದರ ಮುಗಿಯುತ್ತದೆ? ನಿಮಗೆ ಇಷ್ಟವಾದ ತಿಂಡಿ ಅದರೊಳಗಿದೆಯೆ? ತಿನ್ನದೆ ಉಳಿದದ್ದು ಏನಾಗುತ್ತದೆ? ಇಷ್ಟು ಕೇಳಿ ಹಾಳೆಯಲ್ಲಿ ಬರೆದರೆ ಉತ್ತರ ತಾನೇ ಬರುತ್ತದೆ. ಆದರೆ ಮುಂಗಡ ಊಟದಲ್ಲಿ ಊಟದ ಜೊತೆಗೆ ಇನ್ನೊಂದನ್ನೂ ಮಾರುತ್ತಾರೆ, ಬೆಲೆ ನೋಡದೆ ತಿನ್ನುವ ನಿಶ್ಚಿಂತೆ. ಮಗ ಕೊಳ್ಳಲು ಹೊರಟಿದ್ದು ಅದನ್ನೇ, ಅದು ತಪ್ಪೂ ಅಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಮೊದಲು ನೋಡಬೇಕು, ಅಷ್ಟೇ. ಮಕ್ಕಳೇ, ನಿಮ್ಮ ಅಜ್ಜಿ ಹೋಟೆಲ್‌ನಲ್ಲಿ "ನನಗೆ ಹಸಿವಿಲ್ಲ" ಅಂದರೆ ತಕ್ಷಣ ನಂಬಬೇಡಿ. ಪಟ್ಟಿಯನ್ನು ನೀವೇ ಓದಿ ಹೇಳಿ, ಹೆಸರು ಮಾತ್ರ.

ಕೊನೆಯ ದಿನ ಕಾರ್ಡಿನಲ್ಲಿ 38 ಡಾಲರ್ ಉಳಿದಿತ್ತು. ಪುಟ್ಟಿಗೇ ಕೊಡಹೋದೆ. "ರೂಲ್ ಅಂದ್ರೆ ರೂಲ್ ತಾತ" ಎಂದು ವಾಪಸ್ ಕೊಟ್ಟಳು. ಆ ಕಾರ್ಡಿಗೆ ಅವಧಿ ಮುಗಿಯುವುದೆಂಬುದಿಲ್ಲ. ಹಾಸನದಲ್ಲಿ ನನ್ನ ಪರ್ಸಿನಲ್ಲಿ ಹಾಗೇ ಇದೆ.

ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲ್‌ಗೆ ಇಬ್ಬರೂ ಹೋಗಿದ್ದೆವು. ಎರಡು ಮಸಾಲೆದೋಸೆ, ಎರಡು ಕಾಫಿ. ಮಾಣಿ ಬಿಲ್ ತಂದಿಟ್ಟ. ನನ್ನಾಕೆ ಮೆಲ್ಲಗೆ, "ಎಷ್ಟಾಯ್ತು ರೀ?" ಅಂದಳು.

"ಕನ್ನಡಕ ತಂದಿಲ್ಲ ಕಣೆ" ಅಂದೆ.

ಕನ್ನಡಕ ಜೇಬಿನಲ್ಲೇ ಇತ್ತು. ಅದು ಅವಳಿಗೂ ಗೊತ್ತಿತ್ತು.