ಒಂದೇ ಪಾಟಿ, ಎರಡು ಲೆಕ್ಕ

ಕಂಪ್ಯೂಟರ್ ಕೆಲಸಕ್ಕೆ ಹೋದ ಮಗನೋ ಮಗಳೋ ಸೊಸೆಯೋ ಇಲ್ಲದ ಮನೆ ನಮ್ಮ ಸಮಾಜದಲ್ಲಿ ಈಗ ಅಪರೂಪ. ಅವರು ಅಲ್ಲಿ ಮಾಡುವುದೇನು ಎಂಬುದು ಮಾತ್ರ ಗಾದಿಯ ಮೇಲೆ ಕುಳಿತ ಹಿರಿಯರಿಗೆ ಇನ್ನೂ ಒಗಟೇ ಆಗಿ ಉಳಿದಿದೆ. ನಮ್ಮ ಮನೆತನ ಅಕ್ಕಲಕೋಟೆಯ ಕಡೆಯದು, ಅಡತಿ ವ್ಯಾಪಾರದ್ದು. ನಾವು ಪುಣೆಯಲ್ಲಿ ಈ ಹೊಸ ಉದ್ಯೋಗ ಹಿಡಿದು ಬಹಳ ವರ್ಷಗಳಾದವು. ನಮ್ಮ ದಿನದ ಬಹುಪಾಲು ಬೇರೆಯವರು ಬರೆದ ಕೋಡನ್ನು ತಾಳೆ ನೋಡುವುದರಲ್ಲಿಯೇ ಕಳೆಯುತ್ತದೆ. ಕೀರ್ದಿಯನ್ನು ಖತಾವಣಿಯೊಂದಿಗೆ ತಾಳೆ ಹಾಕಿ ಬೆಳೆದ ಮನೆಗಳವರಿಗೆ ಈ ಕೆಲಸದ ಮರ್ಮ ತಿಳಿಯುವುದು ಕಷ್ಟವಲ್ಲವೆಂದು ಒಂದು ಪ್ರಸಂಗವನ್ನು ಇಲ್ಲಿ ಹೇಳಬಯಸುತ್ತೇವೆ.

ಜಾಲದ ಮೂಲಕ ಬರುವ ಮಾಹಿತಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಸಾಮಾನ್ಯ ಈಥರ್‌ನೆಟ್ ಪೊಟ್ಟಣದಲ್ಲಿ ಹೆಚ್ಚೆಂದರೆ 1500 ಬೈಟ್ ಸರಕು. ಅದನ್ನು ಬರಮಾಡಿಕೊಳ್ಳುವ ಯಂತ್ರಭಾಗ ನೆಟ್‌ವರ್ಕ್ ಕಾರ್ಡ್. ಆ ಕಾರ್ಡಿಗೂ ಲಿನಕ್ಸ್‌ನಂಥ ಕಾರ್ಯವ್ಯವಸ್ಥೆಗೂ ನಡುವೆ ನಿಂತು ಮಾಲು ಇಳಿಸಿಕೊಡುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಲಾರಿಗೂ ಗೋದಾಮಿಗೂ ನಡುವೆ ನಿಲ್ಲುವ ಹಮಾಲರ ಮುಕಾದಮನಿದ್ದಂತೆ. ಆದರೆ ಡ್ರೈವರ್ ಕೆಲಸ ಮಾಡುವುದು ಕರ್ನೆಲ್ ಎಂಬ ಒಳಮನೆಯಲ್ಲಿ. ಬೇರೆ ಪ್ರೋಗ್ರಾಮು ಎಡವಿದರೆ ಸಾಮಾನ್ಯವಾಗಿ ಅದೊಂದೇ ಬೀಳುತ್ತದೆ. ಡ್ರೈವರ್ ಎಡವಿದರೆ ಇಡೀ ಯಂತ್ರವೇ ನಿಂತುಹೋಗಬಹುದು.

ಇನ್ನು ವೇರಿಯೇಬಲ್ ಎಂದರೆ ಕೋಡಿನಲ್ಲಿ ಅಂಕಿಯನ್ನು ಇಡುವ, ಹೆಸರುಳ್ಳ ಒಂದು ಸ್ಥಳ. ಅಂಗಡಿಯ ಪಾಟಿಯಂತೆ ಅದು. ಅದರ ಮೇಲೆ ಹೊಸದು ಬರೆದರೆ ಹಳೆಯದು ಅಳಿಯುತ್ತದೆ. ಎಣಿಕೆಯ ಪಾಟಿಗೆ 'ಐ' ಎಂದು ಹೆಸರಿಡುವುದು ಪ್ರೋಗ್ರಾಮು ಬರೆಯುವವರ ಹಳೆಯ ರೂಢಿ.

ಎರಡು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಯುವಕನೊಬ್ಬ ತನ್ನ ಮೊದಲ ದೊಡ್ಡ ಬದಲಾವಣೆಯನ್ನು ಪರಿಶೀಲನೆಗೆ ಒಪ್ಪಿಸಿದ. ಆ ಕಾರ್ಡಿನಲ್ಲಿ ಪೊಟ್ಟಣಗಳನ್ನು ಬರಮಾಡಿಕೊಳ್ಳಲು 8 ಸಾಲುಗಳಿದ್ದವು. ಯಂತ್ರ ಶುರುವಾದಾಗ ಡ್ರೈವರ್ ಒಂದೊಂದೇ ಸಾಲಿಗೆ ಮೆಮೊರಿ ಪಡೆಯುತ್ತ ಹೋಗಬೇಕು. ನಡುವೆ ಎಲ್ಲಿಯಾದರೂ ಮೆಮೊರಿ ಸಿಗದಿದ್ದರೆ, ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಹಿಂದಿನಿಂದ ಹಿಂದಕ್ಕೆ ಮರಳಿಸಬೇಕು. ಎಷ್ಟು ಪಡೆದಿದ್ದೇವೆ ಎಂಬ ಲೆಕ್ಕ 'ಐ' ಎಂಬ ಪಾಟಿಯ ಮೇಲಿರುತ್ತದೆ. ಯುವಕನ ಉದ್ದೇಶ ಒಳ್ಳೆಯದೇ. ಮೆಮೊರಿ ಸಿಗದೆ ಹೋದಾಗ, ಮರಳಿಸುವ ಮುನ್ನ ಕಾರ್ಡಿನ 16 ರಿಜಿಸ್ಟರುಗಳ ಅಂಕಿಗಳನ್ನು ದಾಖಲಿಸಿಟ್ಟರೆ ಮುಂದೆ ಕಾರಣ ಹುಡುಕಲು ಅನುಕೂಲ. ಆ 16ನ್ನು ಎಣಿಸಲು ಅವನು ಅದೇ 'ಐ'ಯನ್ನು ಎತ್ತಿಕೊಂಡಿದ್ದ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಈ ವಿದ್ಯೆಯಲ್ಲಿ ಎಣಿಕೆ ಸೊನ್ನೆಯಿಂದ ಶುರು. 0ಯಿಂದ 4ರವರೆಗಿನ ಐದು ಸಾಲುಗಳಿಗೆ ಮೆಮೊರಿ ಸಿಕ್ಕಿತು, 5ನೆಯದಕ್ಕೆ ಸಿಗಲಿಲ್ಲ ಎನ್ನೋಣ. ಪಾಟಿಯ ಮೇಲೆ 5 ಇದೆ. ಅದಕ್ಕಿಂತ ಒಂದು ಕಡಿಮೆ ಮಾಡಿ 4ರಿಂದ 0ಗೆ ಇಳಿಯುತ್ತ ಮರಳಿಸಬೇಕು. ಆದರೆ ನಡುವೆ ರಿಜಿಸ್ಟರುಗಳನ್ನು ಎಣಿಸಿದ್ದರಿಂದ ಪಾಟಿಯ ಮೇಲೆ ಈಗ 16 ಇದೆ. ಡ್ರೈವರ್ 15ರಿಂದ ಮರಳಿಸತೊಡಗುತ್ತದೆ. 15ರಿಂದ 8ರವರೆಗಿನ ಸಾಲುಗಳು ಹುಟ್ಟಿಯೇ ಇಲ್ಲ. 7, 6, 5ಕ್ಕೆ ಮೆಮೊರಿ ಸಿಕ್ಕಿಯೇ ಇಲ್ಲ. ತೆಗೆದುಕೊಳ್ಳದ ಸಾಲವನ್ನು ಇಲ್ಲದ ಸಾಹುಕಾರನಿಗೆ ತೀರಿಸಲು ಹೊರಟಂತಾಯಿತು! ಕರ್ನೆಲ್ಲಿನೊಳಗೆ ಹೀಗಾದರೆ ಯಂತ್ರ ಬೀಳುವ ಸಂಭವವೇ ಹೆಚ್ಚು.

ಇದನ್ನು ಬೇರೆ ಯಾರೂ ಹಿಡಿಯಲಿಲ್ಲವೇ ಎಂದು ಓದುಗರು ಕೇಳಬಹುದು. ಕಂಪೈಲರ್ ಆಕ್ಷೇಪಿಸಲಿಲ್ಲ, ಏಕೆಂದರೆ ಪಾಟಿಯನ್ನು ಮತ್ತೆ ಬಳಸುವುದು ಭಾಷೆಯ ನಿಯಮಕ್ಕೆ ವಿರುದ್ಧವಲ್ಲ. ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಏಕೆಂದರೆ ಮೆಮೊರಿ ಸಿಗುತ್ತಿರುವವರೆಗೆ ಆ ದಾರಿಯಲ್ಲಿ ಯಾರೂ ನಡೆಯುವುದೇ ಇಲ್ಲ. ಇಬ್ಬರು ಸಹೋದ್ಯೋಗಿಗಳೂ ಸರಿ ಎಂದಿದ್ದರು. ಪರಿಶೀಲನೆಗೆ ಬರುವ ಹಾಳೆಯಲ್ಲಿ ಸಾಮಾನ್ಯವಾಗಿ ಬದಲಾದ ಸಾಲುಗಳೂ ಅವುಗಳ ಮೇಲೆ ಕೆಳಗೆ ಮೂರು ಮೂರು ಸಾಲುಗಳೂ ಮಾತ್ರ ಕಾಣುತ್ತವೆ. ಮೆಮೊರಿ ಮರಳಿಸುವ ಸುತ್ತು ಅದಕ್ಕಿಂತ ಕೆಳಗಿತ್ತು. ಬರೆದ ಸಾಲುಗಳನ್ನಷ್ಟೇ ಓದಿದರೆ ಒಂದರಲ್ಲೂ ದೋಷವಿಲ್ಲ. ಅವನು ಮುಟ್ಟದೆ ಬಿಟ್ಟ ಹಳೆಯ ಸಾಲಿನ ಅರ್ಥ ಕೆಟ್ಟಿತ್ತು. ಆದ್ದರಿಂದ ಹಳೆಯ ಹೆಸರು ಮತ್ತೆ ಕಂಡಲ್ಲೆಲ್ಲ ಇಡೀ ಫಂಕ್ಷನ್ ತೆರೆದು ಎರಡು ಪ್ರಶ್ನೆ ಕೇಳುವುದು ನಮ್ಮ ಪದ್ಧತಿ: ಇದರ ಮೇಲೆ ಕೊನೆಗೆ ಬರೆದವರು ಯಾರು? ಮುಂದೆ ಇದನ್ನು ಓದುವವರು ಯಾರು?

ಗಿರಾಕಿಗೆ ಕೊಟ್ಟ ತಾರೀಖು ಹತ್ತಿರವಾಗಿತ್ತು. "ಮೆಮೊರಿ ಸಿಗದೆ ಹೋಗುವುದು ಎಲ್ಲೋ ಸಾವಿರಕ್ಕೊಮ್ಮೆ, ಈಗ ಕಳಿಸಿಬಿಡಿ, ಆಮೇಲೆ ನೋಡೋಣ" ಎಂಬ ಮಾತು ಮೇಲಿನವರಿಂದ ಬಂತು. ಹೊಸ ಹುಡುಗನ ಮೊದಲ ಕೆಲಸವನ್ನು ಎಲ್ಲರೆದುರು ತಡೆಯುವುದು ನಮಗೂ ಹಿತವಾಗಿರಲಿಲ್ಲ. ಹಾಗೆಂದು ಕಣ್ಣಾರೆ ಕಂಡದ್ದಕ್ಕೆ ಸರಿ ಎಂದು ಹೆಸರು ಹಾಕುವುದು ಹೇಗೆ? ಅವನನ್ನು ಪಕ್ಕಕ್ಕೆ ಕರೆದು, "ಈ ಸಾಲಿಗೆ ಬಂದಾಗ ಐ ಎಷ್ಟಿರುತ್ತದೆ?" ಎಂದಷ್ಟೇ ಕೇಳಿದೆವು. ಕಾಗದದ ಮೇಲೆ ಬರೆಯುತ್ತ ಹೋದವನು 16ಕ್ಕೆ ಬಂದು ನಿಂತ. ಮುಂದೆ ನಾವು ಹೇಳಬೇಕಾದದ್ದು ಏನೂ ಉಳಿಯಲಿಲ್ಲ.

ಲಿನಕ್ಸ್‌ನಲ್ಲಿ ಮೆಮೊರಿ ಬೇಕೆಂದೇ ಸಿಗದಂತೆ ಮಾಡಿ ಪರೀಕ್ಷಿಸುವ ಸೌಲಭ್ಯವಿದೆ. ಅದನ್ನು ಹಚ್ಚಿ ನೋಡಿದಾಗ ಹಳೆಯ ಪ್ರತಿಯಲ್ಲಿ ಯಂತ್ರ ಬಿದ್ದಿತು. ಎರಡನೆಯ ಎಣಿಕೆಗೆ 'ಜೆ' ಎಂಬ ಬೇರೆ ಹೆಸರು ಕೊಟ್ಟ ಮೇಲೆ ಅದೇ ಯಂತ್ರ ದಾಖಲೆ ಬರೆದಿಟ್ಟು, ಪಡೆದದ್ದನ್ನು ಮರಳಿಸಿ, ಸುಮ್ಮನೆ ಮುಂದೆ ನಡೆಯಿತು. ಮೇಲಿನವರಿಗೆ ಎರಡನ್ನೂ ತೋರಿಸಿದೆವು. ತಾರೀಖು ಒಂದು ದಿನ ಮುಂದಕ್ಕೆ ಹೋಯಿತು, ಅಷ್ಟೇ.

ಪಾಟಿಯ ಮೇಲೆ ಉಳಿದ ಹಳೆಯ ಅಂಕಿ ದೊಡ್ಡ ದೊಡ್ಡವರನ್ನೂ ಕಾಡಿದೆ. 2014ರ ಫೆಬ್ರವರಿಯಲ್ಲಿ ಆ್ಯಪಲ್ ಸಂಸ್ಥೆ ತನ್ನ ಐಫೋನುಗಳಿಗೆ ತುರ್ತು ತಿದ್ದುಪಡಿ ಕಳಿಸಬೇಕಾಯಿತು. ಸುರಕ್ಷಿತ ಸಂಪರ್ಕದ ಕೋಡಿನಲ್ಲಿ ಒಂದು ಸಾಲು ಎರಡು ಸಲ ಬಿದ್ದಿತ್ತು. ಅದರಿಂದ ಸಹಿಯ ಕೊನೆಯ ತಪಾಸಣೆ ನಡೆಯುವ ಮೊದಲೇ ಪ್ರೋಗ್ರಾಮು ಹೊರಗೆ ಜಿಗಿಯುತ್ತಿತ್ತು. ದೋಷಸೂಚಕ ವೇರಿಯೇಬಲಿನಲ್ಲಿ ಹಿಂದಿನ ಹಂತದ ಸೊನ್ನೆ ಹಾಗೆಯೇ ಉಳಿದಿತ್ತು. ಸೊನ್ನೆ ಎಂದರೆ ಎಲ್ಲ ಸರಿ ಎಂದರ್ಥ. ಹೀಗೆ ನೋಡದ ಸಹಿಯೂ ಸರಿಯಾದ ಸಹಿಯಾಯಿತು.

ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಮೂವತ್ತು ವರ್ಷ ಸಿ ಭಾಷೆಯ ಹಳೆಯ ಪದ್ಧತಿಯಲ್ಲೇ ನಡೆಯಿತು. ಎಣಿಕೆಯ ವೇರಿಯೇಬಲನ್ನು ಸುತ್ತಿನ ಹೊರಗೇ ಹೆಸರಿಸಿಡಬೇಕಿತ್ತು. ಸುತ್ತು ಮುಗಿದ ಮೇಲೂ ಅದರ ವೇರಿಯೇಬಲನ್ನು ಓದುವುದರಿಂದ ಆಗುವ ದೋಷಗಳ ಚರ್ಚೆ ಬೆಳೆದು, 2022ರ ಮೇ ತಿಂಗಳಲ್ಲಿ ಬಂದ 5.18ನೆಯ ಆವೃತ್ತಿಯಿಂದ 2011ರ ಸಿ ನಿಯಮಗಳನ್ನು ಒಪ್ಪಿಕೊಳ್ಳಲಾಯಿತು. ಈಗ ಎಣಿಕೆಯ ಪಾಟಿಯನ್ನು ಸುತ್ತಿನೊಳಗೇ ಹುಟ್ಟಿಸಿ ಅಲ್ಲಿಯೇ ಮುಗಿಸಬಹುದು. ಹೊಸ ಹೆಸರಿಟ್ಟರೆ ಜಾಗ ವ್ಯರ್ಥವೆಂಬ ಭಯಕ್ಕೂ ಕಾರಣವಿಲ್ಲ. ಯಾವ ಅಂಕಿ ಎಲ್ಲಿಯವರೆಗೆ ಬೇಕು ಎಂಬುದನ್ನು ಕಂಪೈಲರೇ ನೋಡಿ ಜಾಗ ಹಂಚುತ್ತದೆ.

ಹೊಸ ಗಿರಾಕಿಗೆ ಹೊಸ ಖಾತೆ ತೆರೆಯಲು ನಮ್ಮ ಹಿರಿಯರು ಒಂದು ಹಾಳೆಯ ಮುಖ ನೋಡಿದವರಲ್ಲ. ಕಾಗದ ತುಟ್ಟಿಯಿದ್ದ ಕಾಲದಲ್ಲೂ ಒಬ್ಬರ ಪುಟದಲ್ಲಿ ಇನ್ನೊಬ್ಬರ ಬಾಕಿ ಬರೆಯಲಿಲ್ಲ. ಈ ಉದ್ಯೋಗಕ್ಕೆ ಹೊರಟಿರುವ ನಮ್ಮ ಮಕ್ಕಳು ಮನೆಯಿಂದ ಈ ರೂಢಿಯೊಂದನ್ನು ಜೊತೆಗೆ ಒಯ್ದರೆ ಸಾಕು. ಆ ಯುವಕ ಈಗ ತಾನೇ ಕಿರಿಯರ ಕೋಡನ್ನು ಪರಿಶೀಲಿಸುತ್ತಾನೆ. ತಪ್ಪು ಕಂಡಲ್ಲಿ ಅವನು ಬರೆಯುವುದೂ ಒಂದು ಪ್ರಶ್ನೆಯನ್ನೇ.