ಅವಿನಾಶಿಯ ಸಂಜೆ ಪ್ರಾರ್ಥನೆ

ನಮ್ಮದು ಬಾಸೆಲ್ ಮಿಶನಿನ ಕಾಲದಿಂದ ಬಂದ ಕುಟುಂಬ. ಸಂಜೆ ಏಳು ಗಂಟೆಗೆ ಚಾಪೆ ಹಾಸಿ, ಒಂದು ಗೀತೆ ಹಾಡಿ, ಸತ್ಯವೇದದ ಒಂದು ಭಾಗ ಓದಿ, ಪ್ರಾರ್ಥನೆ ಮುಗಿಸಿದ ಮೇಲೆಯೇ ಊಟಕ್ಕೆ ಬಟ್ಟಲಿಡುವುದು ಅಪ್ಪ ಹಾಕಿಕೊಟ್ಟ ಕ್ರಮ. ಕಾಸರಗೋಡಿನ ಮನೆಯಲ್ಲಿ ಅದು ತಪ್ಪಿದ್ದಿಲ್ಲ. ಆದರೆ ನಿಜ ಹೇಳಬೇಕೆಂದರೆ, ರಜೆಯಲ್ಲಿ ಪರಊರಿಗೆ ಹೋದಾಗ ನಮ್ಮ ಭಕ್ತಿಗೂ ರಜೆ ಸಿಕ್ಕಿಬಿಡುತ್ತಿತ್ತು.

ಕೆಲವು ವರ್ಷಗಳ ಹಿಂದೆ ಬೇಸಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅವಿನಾಶಿಯ ಅಕ್ಕನ ಮನೆಗೆ ಹೋಗಿದ್ದೆ. ಭಾವನಿಗೆ ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಕೆಲಸ. ರಾತ್ರಿ ರೈಲು ಹತ್ತಿ, ಶೊರನೂರು, ಪಾಲಕ್ಕಾಡು, ಕೊಯಮತ್ತೂರು ದಾಟಿ ಬೆಳಗ್ಗೆ ತಿರುಪ್ಪೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದೆವು. ಮೊಸಳೆ ನುಂಗಿದ ಹುಡುಗನನ್ನು ಶಿವಭಕ್ತ ಸುಂದರರು ಹಾಡಿ ಮರಳಿ ತಂದರೆಂಬ ಐತಿಹ್ಯ ಇರುವುದು ಈ ಊರಿನ ಅವಿನಾಶಿಲಿಂಗೇಶ್ವರನ ಕ್ಷೇತ್ರದಲ್ಲಿ. ನಾವು ಹೋದದ್ದು ಅಲ್ಲಿಯ ಚಿತ್ತಿರೈ ತೇರಿನ ದಿನಗಳಲ್ಲಿ; ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮೊದಲ ಸಂಜೆ ಪ್ರಯಾಣದ ದಣಿವು, ಎರಡನೆಯ ಸಂಜೆ ಬಟ್ಟೆ ಖರೀದಿ, ಮೂರನೆಯ ಸಂಜೆ ತೇರಿನ ಪೇಟೆ. ಏಳು ಗಂಟೆ ಎಲ್ಲಿ ಕಳೆದುಹೋಗುತ್ತಿತ್ತೋ ತಿಳಿಯದು. ಶಿಷ್ಯರು ದಣಿದಾಗ ಯೇಸುಸ್ವಾಮಿಯೇ ಅವರನ್ನು ವಿಶ್ರಾಂತಿಗೆ ಕರೆದ ಪ್ರಸಂಗ ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಲ್ಲಿಗೂ ಜನ ಓಡಿ ಬಂದಾಗ ಸ್ವಾಮಿ ಅವರಿಗೆ ಬೋಧಿಸುತ್ತ ಕುಳಿತದ್ದನ್ನು ಮಾತ್ರ ಅನುಕೂಲಕ್ಕೆ ಮರೆತೆ.

ನಾಲ್ಕನೆಯ ಸಂಜೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಮನೆಯ ಯಜಮಾನಿತಿ ಅವರೇ. ಎಪ್ಪತ್ತು ದಾಟಿದ ವಯಸ್ಸು. ದೇವಾಂಗ ನೇಕಾರರ ಮನೆತನ, ಆಡುವ ಭಾಷೆ ಕನ್ನಡ. ಕೊಯಮತ್ತೂರಿನ ಈ ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕನ್ನಡದ ಮನೆಗಳು ಇಲ್ಲಿ ಇಂದಿಗೂ ಇವೆ. ಆದರೆ ಅಜ್ಜಿ ಓದಿದ್ದು ತಮಿಳು. ಕನ್ನಡ ಅಕ್ಷರ ಅವರಿಗೆ ಬಾರದು.

"ನಿಮ್ಮಕ್ಕ ದಿನಾ ಕನ್ನಡದಲ್ಲಿ ಓದ್ತಾಳೆ, ನಾನು ಕೆಳಗೆ ಕೂತು ಕೇಳ್ತೀನಿ. ನೀವು ಬಂದಮೇಲೆ ಯಾಕೆ ನಿಂತುಹೋಯ್ತು?" ಎಂದರು.

ನನಗೆ ತಲೆ ಎತ್ತಲಾಗಲಿಲ್ಲ. ನೆಂಟರಿಗೆ ತೊಂದರೆಯಾಗದಿರಲೆಂದು ಅಕ್ಕ ತನ್ನ ಪ್ರಾರ್ಥನೆಯನ್ನೇ ನಿಲ್ಲಿಸಿದ್ದಳು!

ಕೂಡಲೇ ಚಾಪೆ ಹಾಸಿದೆವು. ಅಜ್ಜಿ ಗೋಡೆಗೆ ಒರಗಿ ಕುಳಿತರು. ಅಕ್ಕ 23ನೆಯ ಕೀರ್ತನೆ ತೆಗೆದು ಸತ್ಯವೇದವನ್ನು ನನ್ನ ಮಗನ ಕೈಗಿತ್ತಳು. ಏಳನೆಯ ತರಗತಿಯ ಹುಡುಗ, ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಅವನು ಗಡಗಡನೆ ಹೇಳಿ ಮುಗಿಸಿದ. "ಎಷ್ಟು ಚೆಂದ ಓದ್ತಾನೆ!" ಎಂದು ಅಜ್ಜಿ ತಲೆ ಸವರಿದರು. ಅವನ ಕಣ್ಣು ಅಕ್ಷರದ ಮೇಲೆ ಇರಲೇ ಇಲ್ಲವೆಂಬುದು ಅಕ್ಕನಿಗೂ ನನಗೂ ತಿಳಿದಿತ್ತು. ರಾತ್ರಿ ಮಲಗುವಾಗ ಅವನೇ ಹೇಳಿದ: "ಅಮ್ಮಾ, ನನಗೆ ಓದಲಿಕ್ಕೆ ಬರುವುದಿಲ್ಲ. ಅಜ್ಜಿಗೆ ಮೋಸ ಮಾಡಿದ ಹಾಗಾಯಿತು."

ಆ ರಾತ್ರಿ ನಿದ್ದೆ ಬರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ತೆರೆಯಿತು, ಅಚ್ಚುಕೂಟ ಹಾಕಿತು. ಅದೇ ಮಿಶನಿನ ಗುಂಡರ್ಟರು 1872ರಲ್ಲಿ ಮಲಯಾಳಕ್ಕೆ, ಕಿಟ್ಟೆಲರು 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ಇಡೀ ಕನ್ನಡ ಬೈಬಲ್ 1831ರಷ್ಟು ಹಿಂದೆಯೇ ಅಚ್ಚಾಗಿತ್ತು. ಎಲ್ಲಿಂದಲೋ ಬಂದವರು ನಮ್ಮ ಅಕ್ಷರ ಕಲಿತರು. ನನ್ನ ಮಗ ಕಲಿಯಲಿಲ್ಲ. ಮನೆಯಲ್ಲಿ ದಿನವೂ ಓದುತ್ತಿದ್ದವಳು ನಾನೇ ಆದ್ದರಿಂದ ಈ ಕೊರತೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಬೆಳಗ್ಗೆಯೇ ಅಕ್ಷರಾಭ್ಯಾಸ ಆರಂಭವಾಯಿತು. ಭಾನುವಾರ ತಮಿಳು ಆರಾಧನೆಗೆ ಹೋಗಿ ಬಂದೆವು. ಸಂಜೆ ಮಾತ್ರ ಕನ್ನಡವೇ. ಹೊರಡುವ ಮುನ್ನಾದಿನ ಅವನು ಎರಡು ವಚನಗಳನ್ನು ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು ನಿಂತು ಓದಿದ.

ಅಜ್ಜಿಗೆ ಆಶ್ಚರ್ಯ. "ಆವತ್ತು ಅಷ್ಟು ಚೆಂದ ಓದಿದವನು ಈಗ ಯಾಕೆ ತಡವರಿಸ್ತಾನೆ?"

"ಆವತ್ತು ಓದಿದ್ದಲ್ಲ ಅಜ್ಜೀ, ಬಾಯಿಪಾಠ ಹೇಳಿದ್ದು" ಎಂದ ಮಗ. "ಓದುವುದು ಈಗ."

ಅಜ್ಜಿ ನಕ್ಕು, ಇನ್ನೊಮ್ಮೆ ಓದು ಎಂದರು.

ಈಗ ರಜೆಗೆ ಹೊರಡುವಾಗ ಬಟ್ಟೆಗಳಿಗಿಂತ ಮೊದಲು ಸತ್ಯವೇದ ಚೀಲ ಸೇರುತ್ತದೆ. ಏಳು ಗಂಟೆಗೆ ರೈಲಿನಲ್ಲಿದ್ದರೂ ಸರಿ, ನೆಂಟರ ಮನೆಯಲ್ಲಿದ್ದರೂ ಸರಿ, ಓದುವವನು ಅವನೇ.